ನಡುವಿನ ಹೆಸರಿಲ್ಲದವನು

ಬೇಸರದ ಕೆಲಸವನ್ನು ಯಂತ್ರದ ತಲೆಗೆ ಕಟ್ಟಿ ನಿಶ್ಚಿಂತೆಯಿಂದ ಚಹಾ ಕುಡಿಯುವವರಲ್ಲಿ ನಾನೂ ಒಬ್ಬ. ಆ ನಿಶ್ಚಿಂತೆ ಸಾಮಾನ್ಯವಾಗಿ ಚಹಾ ಮುಗಿಯುವವರೆಗೆ ಇರುತ್ತದೆ. ಪುಣೆಯ ಹಡಪಸರದ ನಮ್ಮ ಆಫೀಸಿನಲ್ಲಿ ಒಂದು ಆಸ್ಪತ್ರೆಗಾಗಿ ರೋಗಿಗಳ ಹೆಸರು ನೋಂದಾಯಿಸುವ ಪ್ರೋಗ್ರಾಂ ಬರೆಯುತ್ತಿದ್ದೆವು. ಅದರೊಳಗೆ ಬರುವ ಪ್ರತಿ ಮಾಹಿತಿಗೂ ‘ಇದು ಅಕ್ಷರ, ಇದು ಅಂಕಿ’ ಎಂದು ಗುರುತು ಹಾಕಬೇಕು. ಮದುವೆಗೆ ಕೊಂಡ ಒಂದೊಂದು ಚಮಚಕ್ಕೂ ಹೆಸರು ಕೊರೆಸಿದ ಹಾಗೆ. ನಾನು ಒಂದು ಟೂಲ್ ಹುಡುಕಿ ತಂದೆ. ಪ್ರೋಗ್ರಾಂ ಓಡುವಾಗ ಅದು ಬದಿಯಲ್ಲಿ ನಿಂತು ಬರುವುದನ್ನೆಲ್ಲ ನೋಡಿಕೊಂಡು ತಾನೇ ಗುರುತು ಬರೆಯುತ್ತದೆ; ಆಮೇಲೆ ಗುರುತಿಗೆ ಹೊಂದದ್ದು ಬಂದರೆ ಬಾಗಿಲಲ್ಲೇ ತಡೆಯುತ್ತದೆ. “ಇನ್ನು ಯಾರೂ ಕೈಯಿಂದ ಬರೆಯೋದೇ ಬೇಡ” ಎಂದು ಮೀಟಿಂಗಿನಲ್ಲಿ ಎದೆಯುಬ್ಬಿಸಿ ಹೇಳಿದ್ದೆ.

ಆಸ್ಪತ್ರೆಯವರು ನೋಡಲು ಬರುವ ದಿನ ಬೆಳಿಗ್ಗೆ, ಸುಮ್ಮನೆ ಒಮ್ಮೆ ನೋಡೋಣವೆಂದು ನನ್ನ ಹೆಸರು ಹಾಕಿದೆ. ಪರದೆ ಕೆಂಪಾಯಿತು. ಮತ್ತೆ ಹಾಕಿದೆ, ಮತ್ತೆ ಕೆಂಪು. ಪಕ್ಕದ ಸರೋಜಾ ತಮ್ಮ ಹೆಸರು ಹಾಕಿದರು, ಹಸಿರು. ಅವರ ಹಿರಿಯರು ಬಾಗಲಕೋಟೆ ಕಡೆಯವರು, ಅವರು ಬೆಳೆದದ್ದು ಇಲ್ಲೇ ಪುಣೆಯ ಧನಕವಡಿಯಲ್ಲಿ. ಗದ್ದಲ ಕೇಳಿ ಬಂದ ನಮ್ಮ ಸಾಹೇಬರು, ಅಪ್ಪಟ ಪುಣೆಯವರು, ತಮ್ಮದನ್ನೂ ಹಾಕಿದರು, ಹಸಿರು. “ಅರೆ ಬಾಬಾ, ಸಗಳ್ಯಾಂಚಂ ಚಾಲತಂಯ್, ತುಝಂಚ ಕಾ ನಾಹೀ?” ಎಂದರು. ಎಲ್ಲರದೂ ನಡೆಯುತ್ತದೆ, ನಿನ್ನದೇ ಯಾಕೆ ಇಲ್ಲ? ಹುಟ್ಟಿದಾಗಿನಿಂದ ನನಗೂ ಅದೇ ಅನುಮಾನ. ಆದರೆ ಈ ಕೆಲಸ ಕೈತಪ್ಪಿದರೆ ನಮ್ಮ ಇಡೀ ತಂಡವನ್ನೇ ಚದುರಿಸುವುದಾಗಿ ಮೇಲಿನವರು ಹೇಳಿದ್ದರಿಂದ ನಗಲು ಆಗಲಿಲ್ಲ. ನೆಟ್ಟಿಗೆ ಬೈದೆ, ಟೂಲಿಗೆ ಬೈದೆ, ಕಂಪ್ಯೂಟರನ್ನು ಆರಿಸಿ ಹಚ್ಚಿದೆ.

ಸರೋಜಾ ಪರದೆಯನ್ನೇ ದಿಟ್ಟಿಸಿ ಕೇಳಿದರು: “ರಮೇಶ ಅವ್ರ, ನಿಮ್ಮ ನಡುವಿನ ಹೆಸರು ಎಲ್ಲದ ರೀ?”

ನಾನು ಹಾಸನದವನು, ರಮೇಶ ಎಚ್.ಎನ್. ಇಲ್ಲಿಯವರ ಹಾಗೆ ನಡುವೆ ಅಪ್ಪನ ಹೆಸರು ಬರೆಯುವ ರೂಢಿ ನನಗಿಲ್ಲ; ಎಚ್.ಎನ್. ಅನ್ನು ಕೊನೆಯ ಜಾಗಕ್ಕೆ ಹಾಕಿದ್ದೆ. ಟೂಲ್‌ಗೆ ಕಲಿಸಲು ನಾನು ಕೊಟ್ಟದ್ದೋ, ಆಫೀಸಿನ ಪುಣೆಯವರ ಹೆಸರುಗಳನ್ನೇ. ನಡುವಿನ ಜಾಗ ಯಾವತ್ತೂ ತುಂಬಿರುತ್ತದೆ ಎಂದು ಅದು ನಂಬಿಬಿಟ್ಟಿತ್ತು!

‘ಇದ್ದರೆ ಅಕ್ಷರ, ಇಲ್ಲದಿದ್ದರೆ ಖಾಲಿ’ ಎಂದು ತಿದ್ದಿದೆ. ಆ ಬಾಗಿಲು ದಾಟಿ ಹೆಸರು ಮುಂದಿನ ಬಾಗಿಲಲ್ಲಿ ಸಿಕ್ಕಿಬಿತ್ತು. ಅದನ್ನು ತಿದ್ದಿದರೆ ಇನ್ನೊಂದರಲ್ಲಿ; ಹೆಸರು ಹಾದುಹೋಗುವ ಕಡೆಯೆಲ್ಲ ಟೂಲ್ ಅದೇ ಗುರುತು ಹಾಕಿತ್ತು. ಅಷ್ಟರಲ್ಲಿ ಫೋನು: ಅತಿಥಿಗಳು ಗಾಡೀತಳದ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಿದ್ದಾರೆ. ದಿನಾ ಶಪಿಸುವ ಆ ಟ್ರಾಫಿಕ್ಕಿಗೆ ಅಂದು ಮನಸ್ಸಿನಲ್ಲೇ ಕೈಮುಗಿದೆ. “ನೀವು ಮ್ಯಾಲಿಂದ ತಿದ್ಕೋತ ಬರ್ರಿ, ನಾ ಕೆಳಗಿಂದ ಬರ್ತೀನಿ” ಎಂದರು ಸರೋಜಾ. ಇಬ್ಬರೂ ಕೈಯಿಂದಲೇ ಬರೆದೆವು. ನಡುವೆಲ್ಲೋ ಭೇಟಿಯಾದಾಗ ನನ್ನ ಹೆಸರು ಹಸಿರಾಯಿತು, ಲಿಫ್ಟಿನ ಬಾಗಿಲೂ ತೆರೆಯಿತು.

ಆಸ್ಪತ್ರೆಯ ಹಿರಿಯ ನರ್ಸ್ ಕುಳಿತವರೇ, “ಮೇರಾ ನಾಮ್ ಡಾಲಿಯೇ, ಲಿಸ್ಸಿ” ಎಂದರು, ತಮ್ಮ ಹೆಸರನ್ನೇ ಹಾಕಿ ಎಂದು. ಮುಂದೆ? “ಬಸ್, ಲಿಸ್ಸಿ.” ಅಷ್ಟೇ. ನಡುವಿನದೂ ಇಲ್ಲ, ಕೊನೆಯ ಅಡ್ಡಹೆಸರೂ ಇಲ್ಲ! ನಾನು ತಿದ್ದಿದ್ದು ನಡುವಿನದನ್ನು ಮಾತ್ರ. ಅಷ್ಟನ್ನೇ ಬರೆದು ಗುಂಡಿ ಒತ್ತಿದೆ. ಪರದೆ ಹಸಿರಾಯಿತು.

ಸರೋಜಾ ಕಿವಿಯ ಹತ್ತಿರ ಪಿಸುಗುಟ್ಟಿದರು: “ಕೆಳಗಿಂದ ಬರೋವಾಗ ಅಡ್ಡಹೆಸರಿಂದೂ ತಿದ್ದೀನ್ರಿ. ಎಚ್.ಎನ್. ಅನ್ನೋದೂ ಒಂದು ಅಡ್ಡಹೆಸರೇನ್ರಿ?”

ಸಾಹೇಬರು ಅತಿಥಿಗಳಿಗೆ ನನ್ನನ್ನು ತೋರಿಸಿ, ಎಲ್ಲ ಗುರುತನ್ನೂ ಇವನು ತಂದ ಟೂಲ್ ತಾನಾಗಿಯೇ ಹಾಕುತ್ತದೆ ಎಂದರು. ನಾನು ನೋಯುತ್ತಿದ್ದ ಬೆರಳುಗಳನ್ನು ಮೇಜಿನ ಕೆಳಗೆ ಮಡಚಿಕೊಂಡು, ಸರೋಜಾ ಅವರತ್ತ ನೋಡದೆ, ವಿನಯದಿಂದ ತಲೆಯಾಡಿಸಿದೆ.