ಹೊಸ್ತಿಲಿಗೆ ಬಿದ್ದ ಏಟು

ಶಿವಮ್ಮನದು ಕಲ್ಲೆದೆ. ಇದು ಸೊಸೆ ಬಿಂದುಶ್ರೀ ಕೊಟ್ಟ ತೀರ್ಪು, ಮೇಲ್ಮನವಿಗೆ ಅವಕಾಶವಿರಲಿಲ್ಲ. ಸಾಕ್ಷಿಗಳೂ ಬೇಕಾದಷ್ಟಿದ್ದವು. ಹೋದ ತಿಂಗಳು ಗಂಡ ದೊಡ್ಡಬೀರಯ್ಯ ತೀರಿಕೊಂಡಾಗ ಬೇಗೂರಿನ ಅರ್ಧ ಬೀದಿ ಬಂದು ಗೋಳಾಡಿತು. ಶಿವಮ್ಮ ಮಾತ್ರ ಗೋಡೆಗೆ ಒರಗಿ ಕೂತು, "ಹಸ ಕರಿಯೋರ್ ಯಾರು? ಕರ ಅರುಚ್ಕತಾ ಅದೆ" ಎಂದಳು. ಹೆಣದ ಜೊತೆಗೇ ಅವನ ಟವೆಲು, ಚಪ್ಪಲಿ ಎಲ್ಲವನ್ನೂ ಕಳಿಸಿದಳು. ಅವನು ಕುರಿ ಕಾಯುತ್ತಿದ್ದ ಕಾಲದ ಕೋಲೊಂದು ಮಾತ್ರ ಬಾಗಿಲ ಮೂಲೆಯಲ್ಲಿ ಉಳಿಯಿತು. "ಕೋತಿ ಓಡ್ಸಕ್ಕೆ ಬೇಕು" ಎಂದಳು. ಇಂಥ ಎದೆಯನ್ನು ಕಲ್ಲು ಎಂದರೆ ಕಲ್ಲಿಗೇ ಬೇಜಾರಾದೀತು!

ಇನ್ನು ಮೊಮ್ಮಗಳು. ಒಂದೂವರೆ ವರ್ಷದ ಶಿವರಂಜಿನಿಗೆ ಭಯ ಕೊಡುವುದನ್ನು ದೇವರು ಮರೆತೇಬಿಟ್ಟಿದ್ದ. ಅಪ್ಪ ರಘುನಾಥ ಕರೆಂಟಿನವರಲ್ಲಿ ಲೈನ್‌ಮನ್. ಅವನು ಸಂಬಳಕ್ಕೆ ಕಂಬ ಹತ್ತುತ್ತಿದ್ದ. ಮಗಳು ಸಂಬಳವಿಲ್ಲದೆ ಕಿಟಕಿ, ಮಂಚ, ರಾಗಿ ಡ್ರಮ್ಮು, ಮಲಗಿದ್ದ ಹಸು ಎಲ್ಲವನ್ನೂ ಹತ್ತುತ್ತಿದ್ದಳು. ಹತ್ತುವುದು ಅವಳ ಕೆಲಸ. ಇಳಿಸುವುದನ್ನು ಭೂಮಿತಾಯಿ ನೋಡಿಕೊಳ್ಳುತ್ತಿದ್ದಳು. ಹಣೆಯ ಮೇಲೆ ಸದಾ ಒಂದು ಬುಗುಟು. ಹಳೆಯದು ಇಳಿಯುವ ಮೊದಲೇ ಹೊಸದು ಅಧಿಕಾರ ವಹಿಸಿಕೊಂಡಿರುತ್ತಿತ್ತು.

ತಾತ ಇದ್ದಾಗ ಇದಕ್ಕೊಂದು ನ್ಯಾಯಾಲಯವಿತ್ತು. ಮಗು ಬಿದ್ದ ಸದ್ದಾದ ಕೂಡಲೇ ದೊಡ್ಡಬೀರಯ್ಯ ಕೋಲು ಹಿಡಿದು ಹಾಜರು. "ನನ್ ಕೂಸಿಗೇ ಒಡಿತೀಯಾ? ತಗ!" ಎಂದು ಮಂಚಕ್ಕೋ ನೆಲಕ್ಕೋ ಬಾರಿಸುವನು. ಅಪರಾಧಿಗೆ ಶಿಕ್ಷೆಯಾದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಶಿವರಂಜಿನಿ ಬಾಯಿ ತೆರೆದು ಅಳುವಳು. ಅತ್ತು, ಮೂಗು ಒರೆಸಿಕೊಂಡು, ಮತ್ತೆ ಹತ್ತಲು ಹೊರಡುವಳು.

ಅವನು ಬಾಗಿಲ ಹೊಸ್ತಿಲಿಗೆ ಬಾರಿಸಿದ ದಿನ ಮಾತ್ರ ಶಿವಮ್ಮ ಉರಿದೆದ್ದಳು. ಆ ಕಲ್ಲಿನ ಹೊಸ್ತಿಲನ್ನು ಬೆಳಗೆದ್ದು ತೊಳೆದು, ಅರಿಸಿನ ಬಳಿದು, ಕುಂಕುಮ ಇಡದೆ ಅವಳು ಕಾಫಿ ಮುಟ್ಟುವವಳಲ್ಲ.

"ಮುದ್ಕ ಆದ್ರೂ ಬುದ್ಧಿ ಬರ್ನಿಲ್ವಲ್ಲ! ಲಕ್ಷ್ಮಿಗೆ ಯಾರಾರೂ ಒಡುದಾರಾ?"

"ನಿನ್ ಲಕ್ಷ್ಮಿ ನನ್ ಕೂಸ್ನ ಯಾಕ್ ಕೆಡವುದ್ಲು, ಮೊದ್ಲು ಅದ ಕೇಳು."

ಈಗ ಆ ನ್ಯಾಯಾಧೀಶನಿಲ್ಲ. ಮಗು ಬಿದ್ದರೆ ಶಿವಮ್ಮ ಕೂತಲ್ಲಿಂದಲೇ, "ಏಳಮ್ಮಿ, ನೆಲ ಎಲ್ಲೂ ಓಡೋಗಕಿಲ್ಲ. ಆಮೇಕೂ ಬೀಳ್ಬೋದು" ಎನ್ನುತ್ತಾಳೆ. ಮಗು ಅತ್ತಿತ್ತ ನೋಡಿ, ಸುಮ್ಮನೆ ಎದ್ದು ಹೋಗುತ್ತದೆ. ಅಳುವುದಿಲ್ಲ. ಬಿದ್ದೂ ಅಳದ ಮಗು! ತಲೆಯ ಒಳಗೇ ಏನಾದರೂ ಆಗಿಬಿಟ್ಟಿದೆಯೋ ಎಂದು ಬಿಂದುಶ್ರೀಗೆ ಅದೊಂದು ಹೊಸ ದಿಗಿಲು.

ಹೆರಿಗೆಗೆಂದು ಬಿಟ್ಟಿದ್ದ ಟೀಚರ್ ಕೆಲಸ ಗುಂಡ್ಲುಪೇಟೆಯಲ್ಲಿ ಅವಳಿಗೆ ಮತ್ತೆ ಸಿಕ್ಕಿತ್ತು. ಸೋಮವಾರದಿಂದ ಹೋಗಬೇಕು. ಮಗುವನ್ನು ಈ ಕಲ್ಲೆದೆಯ ಕೈಗೆ ಕೊಟ್ಟು ಹೋಗುವುದೇ? ಹರದನಹಳ್ಳಿಯಲ್ಲಿ ಅವಳ ಅಮ್ಮ ನಾಗಮಣಿ ಮೊಮ್ಮಗಳನ್ನು ಇಟ್ಟುಕೊಳ್ಳಲು ತುದಿಗಾಲಲ್ಲಿ ನಿಂತಿದ್ದಳು.

"ಶನಿವಾರ ಶನಿವಾರ ಹೋಗಿ ನೋಡ್ಕೊಂಡು ಬರೋಣ ಕಣ್ರೀ."

"ಮಗು ಇಲ್ದೆ ಈ ಮನೇಲಿ ಇನ್ನೇನದೆ?" ಎಂದ ರಘುನಾಥ. ಆಮೇಲೆ ಎದೆ ಉಬ್ಬಿಸಿದ. "ಹನ್ನೊಂದು ಸಾವಿರ ವೋಲ್ಟ್ ಲೈನ್ ಜೊತೆ ಸಂಸಾರ ಮಾಡೋನು ಕಣೇ ನಾನು! ಒಂದು ತಲೆ ಕಾಯಕ್ಕಾಗಲ್ವಾ?"

"ಸರಿ, ಕಾಯಿರಿ. ಭಾನುವಾರದೊಳಗೆ ಒಂದೇ ಒಂದು ಬುಗುಟು ಎದ್ದರೂ ಮಗು ಹರದನಹಳ್ಳಿಗೆ. ಇಲ್ಲದಿದ್ದರೆ ನನ್ನ ಹೆಸರು ಬಿಂದುಶ್ರೀ ಅಲ್ಲ!"

ಶಿವಮ್ಮ ಹುರುಳಿ ಕೇರುತ್ತಿದ್ದಳು. ಮೊರ ನಿಂತಿತು. "ನಿಮ್ ಕೂಸು, ನಿಮ್ಮಿಷ್ಟ" ಎಂದು ಮತ್ತೆ ಕೇರತೊಡಗಿದಳು. ಬಿಂದುಶ್ರೀ ಇದನ್ನೂ ಸಾಕ್ಷಿಗಳ ಸಾಲಿಗೆ ಸೇರಿಸಿಕೊಂಡಳು.

ಮಾರನೆಯ ದಿನ ಗುಂಡ್ಲುಪೇಟೆಯ ಹಾಸಿಗೆ ಅಂಗಡಿಯಿಂದ ಸ್ಪಂಜಿನ ಹಾಳೆಗಳು ಬೈಕ್ ಏರಿ ಬಂದವು. ರಘುನಾಥ ಕರೆಂಟಿನ ಕಪ್ಪು ಟೇಪು ಹಿಡಿದು ಯುದ್ಧಕ್ಕಿಳಿದ. ಗೋಡೆಗೆ ಸ್ಪಂಜು, ಮಂಚದ ಕಾಲಿಗೆ ಸ್ಪಂಜು, ಡ್ರಮ್ಮಿಗೆ ಸ್ಪಂಜು. ಹುಮ್ಮಸ್ಸಿನಲ್ಲಿ ಒರಳುಕಲ್ಲಿಗೂ ಸುತ್ತಿದ. ಮನೆ ಮೈತುಂಬ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಿಂದ ಬಂದಂತೆ ಕಾಣುತ್ತಿತ್ತು. ಕೊನೆಗೆ ಹೊಸ್ತಿಲ ಬಳಿ ಕುಕ್ಕರಿಸಿದ.

"ಅದ ಮುಟ್ಬ್ಯಾಡ ಕಣ್ಲಾ!"

"ಒಂದು ಪೀಸ್ ಅಷ್ಟೇ ಅವ್ವ."

"ಲಕ್ಷ್ಮಿಗೆ ಹಾಸ್ಗೆ ಹೊದಿಸಿಯಾ? ಅರಿಸಿನ ನಿನ್ ತಲೆಗೆ ಬಳೀಲಾ?"

ಹೊಸ್ತಿಲು ಬರಿ ಕಲ್ಲಾಗಿಯೇ ಉಳಿಯಿತು. ಎಲ್ಲರಿಗಿಂತ ಮೊದಲು ಸ್ಪಂಜಿನ ಗುಟ್ಟು ತಿಳಿದದ್ದು ಶಿವರಂಜಿನಿಗೆ. ತಾತ ಹಣೆಗೆ ಹಣೆ ತಾಗಿಸಿ "ಡೀ ಡೀ ಡಿಕ್ಕಿ" ಆಡಿಸುತ್ತಿದ್ದ. ತಾತನಿಲ್ಲದ ಮೇಲೆ ಎದುರಾಳಿ ಇರಲಿಲ್ಲ. ಈಗ ಗೋಡೆಗೆ ಹಣೆ ಕೊಟ್ಟರೆ ಗೋಡೆ ಮೆತ್ತಗೆ ಹಿಂದಕ್ಕೆ ತಳ್ಳುತ್ತದೆ! ಅವಳು ಟಗರಿನಂತೆ ಹಿಂದೆ ಸರಿದು, ಓಡಿ ಬಂದು, ಡಿಕ್ಕಿ ಕೊಟ್ಟು ಕೇಕೆ ಹಾಕತೊಡಗಿದಳು. ಗೋಡೆಯಾಯಿತು, ಡ್ರಮ್ಮಾಯಿತು. ತಲೆ ಕಾಯಲು ಹೋಗಿ ಇವರು ಒಂದು ಟಗರನ್ನು ತಯಾರು ಮಾಡಿದ್ದರು.

"ಕೂಸಿಗೆ ಸುಳ್ಳು ಕಲಿಸ್ತಾ ಇದೀರಿ" ಎಂದಳು ಶಿವಮ್ಮ. ಯಾರೂ ಕೇಳಲಿಲ್ಲ.

ಭಾನುವಾರ ಮಧ್ಯಾಹ್ನ. ರಘುನಾಥ ಗೆದ್ದೆನೆಂದು ಇನ್ನೇನು ಉಸಿರು ಬಿಡಬೇಕು, ಮಗು ಪಡಸಾಲೆಯ ಆ ತುದಿಯಿಂದ ತಲೆ ಬಗ್ಗಿಸಿ ಓಡಿ ಬಂತು. ಕಾಲು ಎಡವಿತು. ಹಣೆ ಹೋಗಿ ಹೊಸ್ತಿಲಿಗೆ ಬಡಿಯಿತು. ತೆಂಗಿನಕಾಯಿ ಒಡೆದಂಥ ಸದ್ದು. ಆಮೇಲೆ ಸದ್ದೇ ಇಲ್ಲ.

"ಅಳು! ಅಳು ಕಂದಾ!" ಬಿಂದುಶ್ರೀ ಮಗುವನ್ನು ಅಲುಗಿಸಿದಳು. ಮಗು ಕಣ್ಣು ಬಿಟ್ಟುಕೊಂಡೇ ಇತ್ತು. ಹಣೆಯಲ್ಲಿ ನಿಂಬೆಗಾತ್ರದ ಬುಗುಟು ಕಣ್ಣೆದುರೇ ಏಳುತ್ತಿತ್ತು. ಮಗು ಹೊಸ್ತಿಲನ್ನೇ ನೋಡುತ್ತಿತ್ತು, ಅಳಲಿಲ್ಲ.

ರಘುನಾಥ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು ಮೆಟ್ಟಿಕೊಂಡು ಬೈಕ್ ಹತ್ತಿದ. ಹಿಂದೆ ಕೂತ ಬಿಂದುಶ್ರೀಯ ಮಡಿಲಲ್ಲಿದ್ದ ಮಗುವಿನ ತಲೆಗೆ ತನ್ನ ಹಳದಿ ಹೆಲ್ಮೆಟ್ ಇಟ್ಟ. ಅದು ಗಲ್ಲದವರೆಗೆ ಇಳಿಯಿತು. ಗುಂಡ್ಲುಪೇಟೆಯ ಡಾಕ್ಟರ್ ರಾಜಶೇಖರ್ ಹೆಲ್ಮೆಟ್ ಎತ್ತಿ ಒಳಗೆ ಯಾರಿದ್ದಾರೆಂದು ನೋಡಿದರು.

"ಬಿದ್ದ ಮೇಲೆ ಹಾಕಿದ್ದಾ ಇದನ್ನ?"

ಕಣ್ಣಿಗೆ ಬೆಳಕು ಬಿಟ್ಟರು, ಕೈಕಾಲು ಆಡಿಸಿ ನೋಡಿದರು. ಮಗು ಮೇಜಿನಿಂದ ಇಳಿದು, ಹಿಂದೆ ಸರಿದು, ಅವರ ಹೊಟ್ಟೆಗೊಂದು ಡಿಕ್ಕಿ ಕೊಟ್ಟಿತು.

"ಮಗು ಚೆನ್ನಾಗಿದೆ. ನನ್ನನ್ನ ಯಾರಾದರೂ ನೋಡಬೇಕು" ಎಂದರು ಡಾಕ್ಟರು. "ವಾಂತಿ ಮಾಡಿದರೆ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ ಕರ್ಕೊಂಡು ಬನ್ನಿ."

"ಅಳಲೇ ಇಲ್ಲ ಡಾಕ್ಟ್ರೇ" ಎಂದಳು ಬಿಂದುಶ್ರೀ.

"ಗಟ್ಟಿಗಿತ್ತಿ ಕಣಮ್ಮ" ಎಂದರು. ಅದು ಉತ್ತರವಾಗಿರಲಿಲ್ಲ.

ಮನೆಗೆ ಬಂದ ಮೇಲೆ ಯಾರೂ ಜಗಳವಾಡಲಿಲ್ಲ. "ವಾಂತಿ ಮಾಡುದ್ಲಾ?" ಎಂದು ಕೇಳಿ, ಇಲ್ಲವೆಂದಾಗ ಶಿವಮ್ಮ ಜಗಲಿಗೆ ಹೋಗಿ ಕೂತಳು. ಬಿಂದುಶ್ರೀ ಮಗುವಿನ ಲಂಗ, ಟೋಪಿ, ಹಾಲಿನ ಲೋಟ ಎಲ್ಲವನ್ನೂ ಚೀಲಕ್ಕೆ ತುಂಬಿ ಅಡುಗೆಮನೆಯ ಬಾಗಿಲ ಬಳಿ ಇಟ್ಟಳು. ಬೆಳಗಿನ ಬಸ್ಸಿಗೆ ಅಪ್ಪನ ಜೊತೆ ಹರದನಹಳ್ಳಿಗೆ. ರಘುನಾಥ ತಾನೇ ಅಂಟಿಸಿದ ಸ್ಪಂಜನ್ನು ಗೋಡೆಯಿಂದ ಕೀಳುತ್ತಿದ್ದ. ಜೊತೆಯಲ್ಲಿ ಸುಣ್ಣವೂ ಕಿತ್ತು ಬರುತ್ತಿತ್ತು.

ಸಂಜೆ ದೀಪ ಹಚ್ಚುವ ಹೊತ್ತು. ಮಗು ಎಲ್ಲಿ ಎಂದು ಬಿಂದುಶ್ರೀ ಅಡುಗೆಮನೆಯಿಂದ ಇಣುಕಿದಳು. ಶಿವರಂಜಿನಿ ಹೊಸ್ತಿಲ ಮುಂದೆ ಕೂತಿದ್ದಳು. ಕಲ್ಲನ್ನು ಅಂಗೈಯಿಂದ ತಟ್ಟಿದಳು. ಮೂಲೆಯ ಕೋಲನ್ನು ನೋಡಿದಳು. ಜಗಲಿಯ ಕಡೆ ತಿರುಗಿ, "ತಾ?" ಎಂದಳು. ಸ್ವಲ್ಪ ಹೊತ್ತು ಕಾದು ಮತ್ತೆ ಕಲ್ಲು ತಟ್ಟಿದಳು. "ತಾತಾ?"

ಜಗಲಿಯಿಂದ ಶಿವಮ್ಮ ಮಂಡಿ ಹಿಡಿದುಕೊಂಡು ಎದ್ದಳು. ಬೀದಿಯ ಆ ಕಡೆ ಈ ಕಡೆ ನೋಡಿದಳು. ಒಳಗೆ ಬಂದು ಕೋಲು ತೆಗೆದುಕೊಂಡಳು. ಬೆಳಿಗ್ಗೆ ತಾನೇ ಅರಿಸಿನ ಬಳಿದಿದ್ದ ಹೊಸ್ತಿಲಿಗೆ ಬೀಸಿ ಬಾರಿಸಿದಳು.

"ನನ್ ಕೂಸಿಗೇ ಒಡಿತೀಯಾ? ತಗ!"

ಮಾತು ಅವನದೇ, ಧಾಟಿಯೂ ಅವನದೇ. ಮಗು ಬಾಯಿ ತೆರೆದು ಹೋ ಎಂದು ಅತ್ತಿತು. ಮಧ್ಯಾಹ್ನದಿಂದ ತಡೆದಿಟ್ಟ ಅಳು, ಅದಕ್ಕೂ ಹಿಂದಿನ ಅಳು. ಅತ್ತು, ಮೂಗು ಒರೆಸಿಕೊಂಡು, ಅಪ್ಪ ಇದ್ದ ಕಡೆಗೆ ಓಡಿತು.

ಶಿವಮ್ಮ ತಲೆಯೆತ್ತಿದಳು. "ಏನಮ್ಮಿ, ನಿಂತ್ಕಂಡು ನೋಡ್ತಾ ಇದ್ದೀಯೆ? ಅರಿಸಿನ ತತ್ತಾ."

"ಮಗುವಿನ ಹಣೆಗಾ ಅತ್ತೆ, ಹೊಸ್ತಿಲಿಗಾ?"

"ಎರಡ್ಕೂವೆ."

ಬಿಂದುಶ್ರೀ ಒಳಗೆ ತಿರುಗಿದಳು. ಚೀಲ ಕಾಲಿಗೆ ಅಡ್ಡ ಬಂತು. ಅದನ್ನೆತ್ತಿ ಕೋಣೆಗೆ ಒಯ್ದು, ಮಗುವಿನ ಲಂಗಗಳನ್ನು ತೆಗೆದು ಬೀರುವಿಗೆ ಹಾಕಿದಳು. ಆಮೇಲೆ ಬಂದು ಅರಿಸಿನದ ಡಬ್ಬಿಗೆ ಕೈ ಹಾಕಿದಳು.

ಒಳಗಿನಿಂದ ಮಗುವಿನ ಕೇಕೆ ಕೇಳುತ್ತಿತ್ತು. ಅಪ್ಪನ ಬೆನ್ನಿಗೆ ಡಿಕ್ಕಿ ಕೊಡುತ್ತಿತ್ತು. ಬಾಗಿಲ ಬಳಿ ಶಿವಮ್ಮನ ಹೊರತು ಇನ್ಯಾರೂ ಇರಲಿಲ್ಲ.

ಅಲ್ಲಿಂದ ಕೋಲಿನ ಏಟು ಮತ್ತೊಂದು ಕೇಳಿಸಿತು. ಈ ಸಲ ಮಾತಿಲ್ಲದೆ.