ಕೋನಪ್ಪನ ಹೊಸ ಹಲ್ಲು

ಎಲ್ಲಕ್ಕೂ ಕಾರಣ ಒಂದು ಕೋಡುಬಳೆ. ಬೆಳಗಿನ ಕಾಫಿಯ ಜೊತೆ ಅದನ್ನು ಕಡಿದದ್ದೇ ತಡ, ಕೋನಪ್ಪನ ಮುಂದಿನ ಹಲ್ಲಿಗೆ ಪ್ರಾಯದಲ್ಲಿ ಹಾಕಿಸಿದ್ದ ಚಿನ್ನದ ಕ್ಯಾಪು ಕಳಚಿ ತಟ್ಟೆಗೆ ಬಿತ್ತು.

ಶಿಡ್ಲಘಟ್ಟದಲ್ಲಿ ಯಾರ ಮನೆಯಲ್ಲಿ ಏನು ಬಿದ್ದರೂ ಪಕ್ಕದ ಮನೆ ಶ್ಯಾಮಲಮ್ಮನಿಗೆ ಕೇಳಿಸುತ್ತದೆ. "ಒಳ್ಳೇದೇ ಆಯ್ತು ಬಿಡಪ್ಪ. ಎಲ್ಲರ ಕೈಗೂ ಮೊಬೈಲ್ ಬಂದೈತೆ, ನಿನ್ ಬಾಯಲ್ಲಿ ಇನ್ನೂ ಚಿನ್ನ. ಚಿಂತಾಮಣೀಲಿ ಹೊಸ ಡಾಕ್ಟರಮ್ಮ ಬಂದವ್ರೆ. ಹಲ್ಲಿನ ಬಣ್ಣದ್ದೇ ಏನೋ ಮೆತ್ತಿ, ನೀಲಿ ಲೈಟು ಹಿಡಿದ್ರೆ ಕಲ್ಲಾಗೋಗ್ತದೆ," ಎಂದಳು.

ಕೋನಪ್ಪ ಬಸ್ಸು ಹತ್ತಿದ. ಡಾಕ್ಟರಮ್ಮ ಮೆತ್ತಿದರು, ತಿದ್ದಿದರು, ನೀಲಿ ಬೆಳಕು ಹಿಡಿದರು. ಕನ್ನಡಿ ನೋಡಿದರೆ ತನ್ನ ಹಲ್ಲು ಯಾವುದು, ಅವರದು ಯಾವುದು ಎಂದು ಅವನಿಗೇ ತಿಳಿಯಲಿಲ್ಲ. ಬಸ್ಸಿನಲ್ಲಿ ಗುರುತಿಲ್ಲದವರಿಗೂ ನಗುತ್ತ, ಮದುವೆ ಗಂಡಿನ ಹಾಗೆ ಮನೆಗೆ ಬಂದ.

ಮಂಚದ ಮೇಲಿದ್ದ ತಾಯಿ ಗಂಗುಲಮ್ಮ, "ಯಾರಪ್ಪಾ ನೀನು? ನನ್ ಮಗ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋಗವ್ನೆ," ಎಂದಳು.

ಮುದುಕಿಗೆ ಮರೆವಿನ ಕಾಯಿಲೆ. ಸೊಸೆ, ಮೊಮ್ಮಕ್ಕಳು ಎಲ್ಲರೂ ಅಳಿಸಿಹೋಗಿ ಮಗನೊಬ್ಬನೇ ಉಳಿದಿದ್ದ.

"ನಾನೇ ಕಣಮ್ಮ, ಕೋನ."

"ಅವ್ನಿಗೆ ಬಂಗಾರದ ಹಲ್ಲೈತೆ."

"ಹಲ್ಲು ಕಾಣ್ದಂಗೆ ಮಾತಾಡಪ್ಪ," ಎಂದು, ಹೊಸ ಹಲ್ಲು ನೋಡಲು ಬಂದಿದ್ದ ಶ್ಯಾಮಲಮ್ಮ ಉಪಾಯ ಹೇಳಿದಳು. ಕೋನಪ್ಪ ತುಟಿ ಬಿಗಿದು ಗುಂಯ್‌ಗುಟ್ಟಿದ. "ಪಾಪ, ಮೂಗ," ಎಂದು ತಾಯಿ ಮರುಗಿದಳು. ಶ್ಯಾಮಲಮ್ಮನ ಎರಡನೇ ಉಪಾಯದಂತೆ ಜೇಬಿನಿಂದ ಚಿನ್ನದ ಕ್ಯಾಪು ತೆಗೆದು ತೋರಿಸಿದ. "ಅಯ್ಯೋ, ನನ್ ಮಗನ್ನ ಏನ್ ಮಾಡ್ಬಿಟ್ಟೆಯೋ?" ಎಂದು ಮುದುಕಿ ಕೂಗಿಕೊಂಡಾಗ ಬೀದಿಯೇ ಬಾಗಿಲಿಗೆ ಬಂತು. ಸ್ವಂತ ಮನೆಯಲ್ಲಿ ತಾನು ಕಳ್ಳನಲ್ಲ ಎಂದು ಕೋನಪ್ಪ ಎಲ್ಲರಿಗೂ ಹೇಳಬೇಕಾಯಿತು.

ಸೊಸೆ ಕರೆದರೂ ಗಂಗುಲಮ್ಮ ಊಟಕ್ಕೆ ಏಳಲಿಲ್ಲ. ಕೊನೆಗೆ ಕೋನಪ್ಪನೇ ಪಕ್ಕದಲ್ಲಿ ಕೂತು, "ನಿನ್ ಮಗ ಬತ್ತಾನೆ, ಅಷ್ಟರಲ್ಲಿ ಉಣ್ಣಮ್ಮ," ಎಂದು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ತುತ್ತು ಕೊಟ್ಟ. ಅವಳು ಮಗುವಿನ ಹಾಗೆ ಉಂಡು, ಅವನ ಕೈ ಹಿಡಿದುಕೊಂಡೇ ನಿದ್ದೆಹೋದಳು. ಆದರೆ ತಾಯಿಯ ಮುಂದೆ ಪರಕೀಯನಾಗಿ ಬದುಕುವುದು ಹೇಗೆ? ಸಂಕಟ ತಡೆಯಲಾರದೆ ಮತ್ತೆ ಚಿಂತಾಮಣಿಗೆ ಓಡಿದ.

"ಇಷ್ಟು ಚೆನ್ನಾಗಿ ಕೂತಿದೆಯಲ್ಲ," ಎಂದು ಪೇಚಾಡುತ್ತಲೇ ಡಾಕ್ಟರಮ್ಮ ಹೊಸದನ್ನು ಉಜ್ಜಿ ತೆಗೆದು ಹಳೆಯದನ್ನು ಅಂಟಿಸಿದರು.

ಸಂಜೆ ಅವನನ್ನು ಕಂಡೊಡನೆ ತಾಯಿ, "ಬಂದ್ಯಾ ಕೋನ?" ಎಂದಳು. ಅವನ ಕಣ್ಣು ತುಂಬಿ ಬಂತು. ತಟ್ಟೆ ಹಿಡಿದು ಪಕ್ಕದಲ್ಲಿ ಕೂತು ತುತ್ತು ಎತ್ತಿದ. ಅವಳು ಮುಖ ತಿರುಗಿಸಿ ಬಾಗಿಲ ಕಡೆ ನೋಡಿದಳು.

"ಆ ಬಿಳೀ ಹಲ್ಲಿನ ಹುಡ್ಗ ಎಲ್ಲೋ? ಪಕ್ಕದಾಗೆ ಕೂತು ಉಣ್ಸಿದ. ನೀನು ಬಾಗಿಲಾಗೆ ನಿಂತು 'ಉಂಡ್ಯೇನಮ್ಮ' ಅಂದು ಹೋಗೋನು, ನಿನಗ್ಯಾಕೆ ಇದೆಲ್ಲ? ಹೋಗಿ ಅವ್ನನ್ನೇ ಕರ್ಕೊಂಬಾ."