ಮೂವತ್ತೊಂದು ಬಾಗಿಲಿಗೆ ಎಳ್ಳು ಬೀರಿದ್ದು

ತಪ್ಪು ಹುಡುಕುವುದೇ ನನ್ನ ಉದ್ಯೋಗ. ವಸಂತನರಸಾಪುರದ ಒಂದು ನಟ್ಟು-ಬೋಲ್ಟಿನ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದೇನೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬೋಲ್ಟನ್ನು ಹಿಡಿದು ಕೆಂಪು ಡಬ್ಬಕ್ಕೆ ಎಸೆಯುತ್ತೇನೆ. ಇಂಥವನು ಒಂದು ಹಿಡಿ ಎಳ್ಳು ಕೊಳ್ಳುವುದರಲ್ಲಿ ಎಡವುತ್ತಾನೆ ಎಂದು ಯಾರಾದರೂ ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ.

ನನ್ನ ಹೆಸರು ಸಿದ್ದಲಿಂಗಮೂರ್ತಿ. ಊರು ಗುಬ್ಬಿ ತಾಲೂಕಿನ ಹಾಗಲವಾಡಿ. ಆದರೆ ತುಮಕೂರಿನಲ್ಲಿ ನಾನು ಬಾಡಿಗೆಗಿರುವ ಅಪಾರ್ಟ್‌ಮೆಂಟಿನಲ್ಲಿ ಇದ್ಯಾವುದೂ ಯಾರಿಗೂ ಗೊತ್ತಿಲ್ಲ. ಅಲ್ಲಿ ನನ್ನ ಹೆಸರು 'ತ್ರೀ ನಾಟ್ ಫೋರ್ ಟೆನೆಂಟು'. ಹೆಂಡತಿ ಗಿರಿಜಾ ಕುಣಿಗಲ್ಲಿನಲ್ಲಿ ಹೈಸ್ಕೂಲು ಮೇಡಂ. ಮಗಳೂ ಅದೇ ಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ. ಇಬ್ಬರೂ ನಮ್ಮತ್ತೆಯ ಮನೆಯಲ್ಲಿದ್ದಾರೆ. ಭಾನುವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಬರುತ್ತೇನೆ, ಉಳಿದ ಆರು ದಿನ ನಾನು ಮತ್ತು ಗೋಡೆಗಳು.

ಅಪಾರ್ಟ್‌ಮೆಂಟನ್ನು ದೂರಲಾರೆ. ನೀರಿಗೆ ಬರವಿಲ್ಲ, ಲಿಫ್ಟು ಕೆಡುವುದಿಲ್ಲ, ಬಾಲ್ಕನಿಗೆ ಒಳ್ಳೆಯ ಗಾಳಿ. ಮಾತಿಗೆ ಮಾತ್ರ ಬರ! ಓನರ್‌ಗಳಿಗೆ ಒಂದು ವಾಟ್ಸಾಪ್ ಗ್ರೂಪು. ಅದರಲ್ಲಿ ಹಗಲೆಲ್ಲಾ ಜಗಳ, ನಗು, ಹುಟ್ಟುಹಬ್ಬದ ಕೇಕು ಎಲ್ಲಾ ಇರುತ್ತದೆ ಎಂದು ಕೇಳಿದ್ದೇನೆ. ಟೆನೆಂಟ್‌ಗಳಿಗೆ ಬೇರೆ ಗ್ರೂಪು. ಅದರಲ್ಲಿ ಸೆಕ್ರೆಟರಿ ನಂಜುಂಡಪ್ಪನವರು ಮಾತ್ರ ಬರೆಯಬಹುದು, ನಾವು ಹೆಬ್ಬೆರಳು ಎತ್ತಬಹುದು. 'ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದು.' ಹೆಬ್ಬೆರಳು. 'ಪಾರ್ಕಿನ ಬೆಂಚು ಓನರ್‌ಗಳಿಗೆ ಮೀಸಲು.' ಹೆಬ್ಬೆರಳು. ಹನ್ನೊಂದು ತಿಂಗಳಲ್ಲಿ ನಾನು ಆಡಿದ ಮಾತೆಲ್ಲಾ ಹೆಬ್ಬೆರಳಿನಲ್ಲೇ ಮುಗಿದಿತ್ತು.

ಮನೆ ಹಿಡಿದಾಗ ಎರಡು ಕುರ್ಚಿ ಕೊಂಡಿದ್ದೆ. ಒಂದು ನನಗೆ, ಇನ್ನೊಂದು ಬಂದವರಿಗೆ. ಯಾರೂ ಬರಲಿಲ್ಲ. ಎರಡನೇ ಕುರ್ಚಿಗೆ ಸುತ್ತಿದ್ದ ಪ್ಲಾಸ್ಟಿಕ್ಕು ಇನ್ನೂ ಹಾಗೇ ಇತ್ತು. ಅದರ ಮೇಲೆ ಹಳೇ ಪೇಪರು ಕೂತಿರುತ್ತಿತ್ತು. ಸಂಜೆ ಕಾಫಿ ಕುಡಿಯುವಾಗ ಅದೇ ಕಣ್ಣೆದುರು. ಸುಳ್ಳೇಕೆ ಹೇಳಲಿ, ಆ ಕುರ್ಚಿಯಲ್ಲಿ ಯಾರಾದರೂ ಒಬ್ಬರು ಹತ್ತು ನಿಮಿಷ ಕೂತು ಎದ್ದು ಹೋದರೆ ಸಾಕು ಅನ್ನಿಸಿಬಿಟ್ಟಿತ್ತು.

ಸಂಕ್ರಾಂತಿಯ ಹಿಂದಿನ ದಿನ ಗಿರಿಜಾ ಫೋನ್ ಮಾಡಿದಳು. ಹಬ್ಬಕ್ಕೆ ನನಗೆ ರಜೆ ಸಿಕ್ಕಿರಲಿಲ್ಲ.

"ಹನ್ನೊಂದು ತಿಂಗಳಾಯ್ತು, ಪಕ್ಕದ ಮನೆಯೋರ ಹೆಸ್ರೂ ಗೊತ್ತಿಲ್ಲ ಅಂತೀರಲ್ರೀ. ನಾಳೆ ಎಳ್ಳು ಬೀರಿ. ನಾಲ್ಕು ಜನ ಪರಿಚಯ ಆಗ್ತಾರೆ."

"ಅದು ಹೆಣ್ಮಕ್ಕಳ ಕೆಲಸ ಕಣೇ. ರೇಷ್ಮೆ ಲಂಗ ಹಾಕ್ಕೊಂಡು ತಟ್ಟೆ ಹಿಡ್ಕೊಂಡು ಮನೆಮನೆಗೆ ಹೋಗೋದು."

"ಲಂಗ ಹಾಕ್ಕೊಳ್ಳಿ ಅಂತ ಯಾರಂದ್ರು? ಅಂಗ್ಡೀಲಿ ರೆಡಿ ಎಳ್ಳು-ಬೆಲ್ಲದ ಪ್ಯಾಕೆಟ್ ಸಿಗುತ್ತೆ. ತಗೊಂಡು ಹಂಚಿ, ಅಷ್ಟೆ. ನಿಮ್ಮ ಬುದ್ಧಿ ಉಪಯೋಗಿಸಬೇಡಿ."

ಕ್ವಾಲಿಟಿ ಇನ್ಸ್‌ಪೆಕ್ಟರಿಗೆ ಹೇಳುವ ಮಾತೇ ಅದು! ರೆಡಿ ಪ್ಯಾಕೆಟ್ಟನ್ನು ಅಂಗಡಿಯಲ್ಲಿ ಕೂಲಂಕಷವಾಗಿ ಪರಿಶೀಲಿಸಿದೆ. ಬಿಳಿ ಎಳ್ಳು. ಸಿಪ್ಪೆ ಇಲ್ಲ, ಹೊಳಪು ಜಾಸ್ತಿ, ಏನೋ ಪಾಲಿಶ್ ಹೊಡೆದಿರಬೇಕು. ರಿಜೆಕ್ಟ್! ಪಕ್ಕದ ಮೂಟೆಯಲ್ಲಿ ಕರಿ ಎಳ್ಳಿತ್ತು. ಒಂದೇ ಅಳತೆ, ಒಂದೇ ಬಣ್ಣ, ಸಿಪ್ಪೆ ಸಮೇತ. ನಮ್ಮಮ್ಮ ಚಿಗಳಿ ಉಂಡೆ ಕಟ್ಟುತ್ತಿದ್ದದ್ದೂ ಇದರಲ್ಲೇ. ಪಾಸ್! ಸತ್ತವರಿಗೆ ಎಳ್ಳುನೀರು ಬಿಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಹಾಗಾಗಿ ಕರಿ ಎಳ್ಳಿಗೆ ಇನ್ನೊಂದು ಉದ್ಯೋಗವೂ ಇದೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ.

ಎರಡು ಕೆಜಿ ಕರಿ ಎಳ್ಳು ಕೊಡಿ ಎಂದೆ. ಅಂಗಡಿಯವನ ಮುಖ ಸಪ್ಪಗಾಯಿತು.

"ಹಬ್ಬದ ಹೊತ್ತಲ್ಲೇ ಹಿಂಗಾಗಬಾರ್ದಿತ್ತು ಸಾರ್. ದರ್ಭೆನೂ ಕಟ್ಲಾ?"

"ದರ್ಭೆ ಯಾಕ್ರೀ? ಸಕ್ಕರೆ ಅಚ್ಚು ಕೊಡಿ. ಗೊಂಬೆ ಗೊಂಬೆ ಥರ ಇರ್ತವಲ್ಲ, ಅವು."

ಅವನು ನನ್ನನ್ನು ಬಹಳ ಹೊತ್ತು ನೋಡಿದ. ಹಬ್ಬದ ಹಿಂದಿನ ದಿನ ಅಂಗಡಿಯವರಿಗೆ ಸುಸ್ತಾಗಿರುತ್ತದೆ, ಪಾಪ ಅಂದುಕೊಂಡೆ.

ಸಕ್ಕರೆ ಗೊಂಬೆಗಳ ಚೀಲವನ್ನು ಬೈಕಿನ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಬಂದೆ. ನಮ್ಮ ರಸ್ತೆಯ ಹಂಪುಗಳು ತಮ್ಮ ಕರ್ತವ್ಯವನ್ನು ಚಾಚೂ ತಪ್ಪದೆ ನಿರ್ವಹಿಸಿದವು. ಮನೆಗೆ ಬಂದು ಬಿಚ್ಚಿದರೆ ಒಂದು ಗೊಂಬೆಗೂ ತಲೆ ಇಲ್ಲ! ಸಕ್ಕರೆ ಸಕ್ಕರೆಯೇ ಎಂದು ಸಮಾಧಾನ ಮಾಡಿಕೊಂಡೆ. ಮುಂಡಗಳನ್ನು ಹಂಚುವುದಕ್ಕೆ ಇಟ್ಟುಕೊಂಡೆ. ತಲೆಗಳನ್ನು ಒಂದು ತಟ್ಟೆಗೆ ಹಾಕಿ, ಕಾಫಿಗಾದೀತು ಎಂದು ಎರಡನೇ ಕುರ್ಚಿಯ ಮೇಲಿಟ್ಟು, ಇರುವೆ ಮುತ್ತದಿರಲೆಂದು ಪೇಪರು ಮುಚ್ಚಿದೆ.

ಈಗ ಕಟ್ಟುವುದು ಯಾವುದರಲ್ಲಿ? ಅಪಾರ್ಟ್‌ಮೆಂಟಿನಲ್ಲಿ ಪ್ಲಾಸ್ಟಿಕ್ ಕವರಿಗೆ ನಿಷೇಧ. ಬೀರುವಿನಲ್ಲಿ ಯಾರ್‍ಯಾರದೋ ಗೃಹಪ್ರವೇಶದಲ್ಲಿ ಬಂದ ಕುಪ್ಪಸದ ಬಟ್ಟೆಗಳಿದ್ದವು, ಎಲ್ಲಾ ಕೆಂಪು. ಅವನ್ನು ಅಂಗೈಯಗಲ ಕತ್ತರಿಸಿ, ಊರಿಂದ ತಂದಿದ್ದ ಕೊಬ್ಬರಿ ಹೆಚ್ಚಿ, ಬೆಲ್ಲ, ಕಡ್ಲೆಬೀಜ, ಹುರಿಗಡಲೆ, ಕರಿ ಎಳ್ಳು ಸೇರಿಸಿದೆ. ಹಬ್ಬವಲ್ಲವೇ, ಒಂದೊಂದರ ಮೇಲೂ ಚಿಟಿಕೆ ಅರಿಶಿನ ಕುಂಕುಮ ಉದುರಿಸಿದೆ. ತಲೆಯಿಲ್ಲದ ಗೊಂಬೆಯನ್ನು ಮಧ್ಯದಲ್ಲಿ ಮಲಗಿಸಿ ದಾರದಿಂದ ಬಿಗಿದೆ. ಮೂವತ್ತೆರಡು ಮನೆಯಲ್ಲಿ ನನ್ನದೊಂದು ಬಿಟ್ಟು ಮೂವತ್ತೊಂದು ಗಂಟು. ಸಾಲಾಗಿ ಜೋಡಿಸಿ ನೋಡಿದಾಗ ನನಗೇ ಹೆಮ್ಮೆಯಾಯಿತು.

ತಡೆಯಲಾರದೆ ಅವತ್ತೇ ಸಂಜೆ ಎರಡು ಮನೆಯ ಬೆಲ್ಲು ಒತ್ತಿದೆ. ಇನ್ನೂರ ಮೂರರ ಶೈಲಜಾ ಮೇಡಂ ಒಳಗಿನಿಂದಲೇ "ಪಾರ್ಸೆಲ್ಲಾ? ಸೆಕ್ಯುರಿಟಿ ಹತ್ರ ಇಟ್ಟು ಹೋಗಪ್ಪ" ಎಂದರು. ಸೆಕ್ರೆಟರಿ ನಂಜುಂಡಪ್ಪನವರು ಬಾಗಿಲನ್ನು ಮೂರು ಬೆರಳಷ್ಟು ತೆರೆದರು, ಆ ಸಂದಿಯಲ್ಲಿ ನನ್ನ ಕೈಯ ಗಂಟುಗಳು ಅವರಿಗೆ ಕಾಣುವಂತಿರಲಿಲ್ಲ. ರಿಟೈರ್ಡ್ ಹೆಡ್‌ಮಾಸ್ಟರು, ನೋಟವೇ ಬೆತ್ತ.

"ಓನರಾ, ಟೆನೆಂಟಾ?"

"ಟೆನೆಂಟು ಸಾರ್. ತ್ರೀ ನಾಟ್ ಫೋರು."

"ಏನೇ ಇದ್ರೂ ನಿಮ್ಮ ಓನರ್ ಕಡೆಯಿಂದ ಬರೆದು ಕಳಿಸ್ಬೇಕು."

ಬಾಗಿಲು ಮುಚ್ಚಿತು. ಕೈಯಲ್ಲಿದ್ದ ಗಂಟುಗಳೊಂದಿಗೆ ಮೆಟ್ಟಿಲಿಳಿದು ಬರುವಾಗ ಕಣ್ಣು ಒದ್ದೆಯಾಗಿದ್ದು ನಿಜ. ಆದರೂ ಬಿಡಲಿಲ್ಲ. ಹೊಸ ಉಪಾಯ ಹೊಳೆಯಿತು. ನಾಳೆ ಬೆಳಗ್ಗೆ ಶಿಫ್ಟಿಗೆ ಹೋಗುವ ಮುಂಚೆ ಗಂಟುಗಳನ್ನು ಬಾಗಿಲ ಚಿಲಕಕ್ಕೆ ಕಟ್ಟಿಬಿಡುವುದು. ಹೆಸರು ಬರೆಯಬಾರದು. ಬರೆದರೆ ಅಯ್ಯೋ ಟೆನೆಂಟು ಎಂದು ಸುಮ್ಮನಾಗುತ್ತಾರೆ. ಬರೆಯದಿದ್ದರೆ ಇಷ್ಟು ಚೆನ್ನಾಗಿ ಮಾಡಿದವರು ಯಾರಪ್ಪಾ ಎಂದು ಹುಡುಕಿಕೊಂಡು ಬರುತ್ತಾರೆ!

ಹುಡುಕಿಕೊಂಡು ಬಂದರು. ಅದರಲ್ಲಿ ನನ್ನ ಲೆಕ್ಕ ತಪ್ಪಲಿಲ್ಲ.

ಮಾರನೇ ದಿನ ಮಧ್ಯಾಹ್ನ ಶಿಫ್ಟ್ ಮುಗಿಸಿ ಬಂದರೆ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಜಾತ್ರೆಯಂಥ ಜನ. ಹನ್ನೊಂದು ತಿಂಗಳಲ್ಲಿ ಇಷ್ಟು ಮುಖಗಳನ್ನು ಒಟ್ಟಿಗೆ ಕಂಡಿರಲಿಲ್ಲ. ನನ್ನ ಎಳ್ಳು ಎಲ್ಲರನ್ನೂ ಕೂಡಿಸಿತಲ್ಲಾ ಎಂದು ಎದೆಯುಬ್ಬಿಸಿಕೊಂಡು ಒಳಗೆ ಹೆಜ್ಜೆಯಿಟ್ಟೆ. ಸೆಕ್ಯುರಿಟಿ ಬೋರಣ್ಣ ಕೈ ಹಿಡಿದು ಪಕ್ಕಕ್ಕೆಳೆದ.

"ಹತ್ರ ಹೋಗ್ಬ್ಯಾಡಿ ಸಾರ್. ಯಾರೋ ಬಡ್ಡಿಮಗ ಎಲ್ರ ಬಾಗ್ಲಿಗೂ ಮಾಟ ಮಾಡ್ಸವ್ನೆ!"

ಇಣುಕಿದೆ. ಒಂದು ಬಕೆಟ್ ಉಪ್ಪುನೀರಿನಲ್ಲಿ ನನ್ನ ಗಂಟುಗಳು ಮುಳುಗಿದ್ದವು. ಒಂದನ್ನು ಮಾತ್ರ ಸಾಕ್ಷಿಗೆಂದು ಬಿಚ್ಚಿ ಹಳೇ ಪೊರಕೆಯ ಮೇಲಿಟ್ಟಿದ್ದರು. ಕೆಂಪು ಬಟ್ಟೆ, ಕರಿ ಎಳ್ಳು, ಕುಂಕುಮ, ಮಧ್ಯದಲ್ಲಿ ರುಂಡವಿಲ್ಲದ ಬಿಳೀ ಗೊಂಬೆ. ಮೊದಲ ಸಲ ಅದನ್ನು ಬೇರೆಯವರ ಕಣ್ಣಿನಿಂದ ನೋಡಿದೆ. ಅಯ್ಯೋ ದೇವರೇ, ನನಗೇ ಹೆದರಿಕೆಯಾಯಿತು!

ಆಗಲೇ ಒಪ್ಪಿಕೊಂಡುಬಿಡಬೇಕಿತ್ತು. ಬಾಯಿ ತೆರೆದೂ ಬಿಟ್ಟಿದ್ದೆ. ಅಷ್ಟರಲ್ಲಿ ಶೈಲಜಾ ಮೇಡಂ ನನ್ನತ್ತ ತಿರುಗಿ "ಏನ್ ಸಾರ್ ಇದು, ಹಬ್ಬದ ದಿನ ಕರಿ ಎಳ್ಳು ಕಟ್ಟಿದಾರೆ, ಅದು ತಿಥಿಗಲ್ವಾ? ನಮ್ಮತ್ತೆಗೆ ಬಿಪಿ ಏರಿಬಿಟ್ಟಿದೆ" ಎಂದರು. ನನಗೆ! ಸಾರ್ ಎಂದು! ಯಾರೋ ಕೈಗೆ ಕಾಫಿ ಕೊಟ್ಟರು. ಸ್ವತಃ ನಂಜುಂಡಪ್ಪನವರು ಮೀಸಲು ಬೆಂಚಿನಲ್ಲಿ ಸರಿದು "ಕೂತ್ಕೊಳ್ಳಿ" ಎಂದರು. ಹೊಟ್ಟೆಗೆ ಹಾಲು ಹುಯ್ದಂತಾಯಿತು. ಎಷ್ಟು ತಿಂಗಳಾಗಿತ್ತು ಹೀಗೆ ಜನರ ಮಧ್ಯೆ ಕೂತು! ಇನ್ನೈದು ನಿಮಿಷ ಕಳೆಯಲಿ, ಆಮೇಲೆ ಹೇಳೋಣ ಅಂದುಕೊಂಡೆ.

ಐದು ನಿಮಿಷ ಕಳೆದಾಗ ನನ್ನ ಬಾಯಿಂದ ಬಂದ ಮಾತು ಇದು: "ಇಂಥೋರನ್ನ ಸುಮ್ನೆ ಬಿಡಬಾರ್ದು ಸಾರ್!"

"ಕರೆಕ್ಟಾಗಿ ಹೇಳಿದ್ರಿ" ಎಂದು ನಂಜುಂಡಪ್ಪನವರು ನನ್ನ ಭುಜ ತಟ್ಟಿದರು. "ಗೇಟಿನ ಕ್ಯಾಮೆರಾ ನೋಡಿದೀವಿ. ಹೊರಗಿನೋರು ಯಾರೂ ಬಂದಿಲ್ಲ. ಒಳಗಿನೋರ ಕೆಲಸಾನೇ ಇದು. ನೀವೇನು ಕೆಲಸ ಮಾಡೋದು?"

"ಕ್ವಾಲಿಟಿ ಇನ್ಸ್‌ಪೆಕ್ಟರು ಸಾರ್."

"ಒಳ್ಳೇದೇ ಆಯ್ತು. ಬನ್ನಿ, ಇನ್ಸ್‌ಪೆಕ್ಷನ್ ಮಾಡೋಣ."

ಹೀಗೆ ನನ್ನನ್ನು ಹಿಡಿಯುವ ಸಮಿತಿಗೆ ನಾನೂ ಸದಸ್ಯನಾದೆ. ಸೆಕ್ರೆಟರಿ, ಶೈಲಜಾ ಮೇಡಂ, ನಾನು. ಹಿಂದೆ ಬಕೆಟ್ ಹಿಡಿದು ಬೋರಣ್ಣ. ಮಹಡಿ ಮಹಡಿ ಸುತ್ತಿ ಒಂದೊಂದು ಬಾಗಿಲ ಚಿಲಕವನ್ನೂ ಪರೀಕ್ಷಿಸಿದೆವು. ಎಲ್ಲಾ ಚಿಲಕಕ್ಕೂ ದಾರದ ತುಂಡು ಅಂಟಿಕೊಂಡಿತ್ತು. ಗಂಟು ಬಹಳ ಬಿಗಿಯಾಗಿ ಹಾಕಿದಾನೆ, ಕೈ ಪಳಗಿದವನೇ ಎಂದರು ಸೆಕ್ರೆಟರಿ. ಒಳಗೊಳಗೇ ಖುಷಿಯಾಯಿತು. ಕೊನೆಗೆ ಮುನ್ನೂರ ನಾಲ್ಕಕ್ಕೆ ಬಂದೆವು. ಚಿಲಕದಲ್ಲಿ ಏನೂ ಇಲ್ಲ.

"ನಿಮ್ಮನೆಗೆ ಕಟ್ಟೇ ಇಲ್ವಲ್ರೀ! ಯಾಕೆ?" ಎಂದರು ಸೆಕ್ರೆಟರಿ.

ಉತ್ತರ ತಾನೇ ತಾನಾಗಿ ಬಂತು. "ಟೆನೆಂಟ್ ಅಂತ ಬಿಟ್ಟಿರ್ಬೇಕು ಸಾರ್."

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಸೆಕ್ರೆಟರಿ ನಿಧಾನವಾಗಿ ತಲೆಯಾಡಿಸಿದರು. ಇರಬಹುದು, ಇರಬಹುದು ಎಂದರು. ಬೇರೆ ಟೆನೆಂಟ್‌ಗಳ ಬಾಗಿಲಿಗೂ ಗಂಟು ಬಿದ್ದಿತ್ತು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ನಾನು ಬಚಾವಾಗಿದ್ದೆ! ಅವರು ಲಿಫ್ಟಿನ ಕಡೆ ತಿರುಗಿದ್ದರು. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂರು ಜನ, ನನ್ನ ಬಾಗಿಲ ಮುಂದೆ! ಮತ್ತೆ ಯಾವ ಕಾಲಕ್ಕೋ? ತಡೆಯಲಾಗಲಿಲ್ಲ.

"ಸಾರ್, ಮೇಡಂ, ಬೋರಣ್ಣ, ಬನ್ನಿ ಒಳಗೆ. ಕಾಫಿ ಕುಡ್ಕೊಂಡೇ ಹೋಗ್ಬೇಕು. ಬನ್ನಿ ಸಾರ್, ಕೂತ್ಕೊಳ್ಳಿ!"

ಬಂದರು. ನಂಜುಂಡಪ್ಪನವರು ಎರಡನೇ ಕುರ್ಚಿಯ ಹತ್ತಿರ ಹೋದರು. ಹನ್ನೊಂದು ತಿಂಗಳು ಕಾದ ಗಳಿಗೆ! ಕೂರುವುದಕ್ಕೆಂದು ಅವರೇ ಪೇಪರು ಎತ್ತಿದರು. ಕೆಳಗೆ ತಟ್ಟೆ. ತಟ್ಟೆಯಲ್ಲಿ ಮೂವತ್ತೊಂದು ಪುಟ್ಟ ಪುಟ್ಟ ತಲೆಗಳು ಅವರನ್ನೇ ನೋಡುತ್ತಿದ್ದವು.

ಬಗ್ಗಿದ್ದವರು ಹಾಗೇ ನೆಟ್ಟಗಾದರು. ಶೈಲಜಾ ಮೇಡಂ ಕಿಟಾರನೆ ಕಿರುಚಿದರು. ಬೋರಣ್ಣ ಇಡೀ ಬಕೆಟ್ ಉಪ್ಪುನೀರನ್ನು ನನ್ನ ತಲೆಯ ಮೇಲೆ ಸುರಿದ.

ಎಳ್ಳು ಮೈಯಿಂದ ತೊಟ್ಟಿಕ್ಕುತ್ತಿರುವಾಗ ಎಲ್ಲಾ ಹೇಳಿದೆ. ಕರಿ ಎಳ್ಳು ಆರಿಸಿದ್ದು, ಗೊಂಬೆ ಮುರಿದದ್ದು, ಯಾರಾದರೂ ಹುಡುಕಿಕೊಂಡು ಬರಲಿ ಎಂದು ಹೆಸರು ಬರೆಯದೆ ಬಿಟ್ಟದ್ದು. "ಒಂಟಿಯಾಗಿರ್ತೀನಿ ಸಾರ್, ನಾಲ್ಕು ಜನ ಮಾತಾಡ್ಸಲಿ ಅಂತ ಮಾಡ್ದೆ" ಎಂದೆ. ನಂಜುಂಡಪ್ಪನವರು ಕೂರಲಿಲ್ಲ, ಹಾಗೇ ಹೊರಟುಹೋದರು. ಸಂಜೆ ಟೆನೆಂಟ್ ಗ್ರೂಪಿಗೆ ಸಂದೇಶ ಬಂತು: 'ಬಾಡಿಗೆದಾರರು ಪೂರ್ವಾನುಮತಿಯಿಲ್ಲದೆ ಯಾವುದೇ ಬಣ್ಣದ ಎಳ್ಳನ್ನು ಹಂಚತಕ್ಕದ್ದಲ್ಲ.' ನಾನೇ ಮೊದಲು ಹೆಬ್ಬೆರಳು ಎತ್ತಿದೆ.

ಆಮೇಲೆ ಲಿಫ್ಟಿನಲ್ಲಿ ನಾನಿದ್ದರೆ ಜನ ಮೆಟ್ಟಿಲು ಹತ್ತತೊಡಗಿದರು. ಮೊದಲು ನನ್ನನ್ನು ಗಮನಿಸುತ್ತಿರಲಿಲ್ಲ, ಈಗ ಗಮನಿಸಿ ಓಡುತ್ತಿದ್ದರು. ಒಂದು ಲೆಕ್ಕಕ್ಕೆ ಪ್ರಗತಿಯೇ. ಮನೆ ಖಾಲಿ ಮಾಡೋಣ ಎಂದು ಯೋಚಿಸುತ್ತಾ ಕೂತಿದ್ದ ಒಂದು ಸಂಜೆ ಬೆಲ್ಲಾಯಿತು. ನಂಜುಂಡಪ್ಪನವರು. ಒಬ್ಬರೇ. ಕಾರಿಡಾರಿನ ಆ ಕಡೆ ಈ ಕಡೆ ನೋಡಿ ಸರಕ್ಕನೆ ಒಳಗೆ ಬಂದರು. ಬಂದವರೇ ಎರಡನೇ ಕುರ್ಚಿಯಲ್ಲಿ ಕೂತರು. ಪ್ಲಾಸ್ಟಿಕ್ಕು ಚರಚರ ಅಂದಿತು.

"ನೋಡಿ, ಎಳ್ಳು ಬೀರೋಕೆ ಅಂತ ನೀವು ಹೇಳಿದ್ದನ್ನ ಬೇರೆಯೋರು ನಂಬ್ಲಿ, ನಾನು ನಂಬಲ್ಲ" ಎಂದು ದನಿ ತಗ್ಗಿಸಿದರು. "ನಿಮಗೆ ವಿದ್ಯೆ ಗೊತ್ತಿದೆ. ಇರ್ಲಿ, ಯಾರಿಗೂ ಹೇಳಲ್ಲ. ನಮ್ಮ ಮೊಮ್ಮಗು ಮೂರು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ. ಡಾಕ್ಟ್ರು ಏನೂ ಇಲ್ಲ ಅಂದ್ರು. ದೃಷ್ಟಿ ಆಗಿರ್ಬೇಕು. ಸ್ವಲ್ಪ ತೆಗೆದುಕೊಡಿ."

ಸಾರ್, ನನಗೆ ಬೋಲ್ಟು ಬಿಟ್ಟರೆ ಏನೂ ಗೊತ್ತಿಲ್ಲ ಎಂದು ಹೇಳಲು ಹೊರಟೆ. ಆಗ ಕುರ್ಚಿಯ ಕಡೆ ನೋಡಿದೆ. ಮನುಷ್ಯ ಕೂತಿದ್ದರು! ಬೆನ್ನು ಆನಿಸಿ, ಕಾಲು ಚಾಚಿ, ನನ್ನನ್ನೇ ನೋಡುತ್ತಾ, ನನ್ನ ಮಾತಿಗಾಗಿ ಕಾಯುತ್ತಾ.

"ಕೂತಿರಿ ಸಾರ್" ಎಂದೆ. "ಕಾಫಿಗಿಡ್ತೀನಿ. ಕುಡಿದು ನಿಮ್ಮನೆಗೆ ಹೋಗೋಣ. ಉಪ್ಪು, ಒಣಮೆಣಸಿನಕಾಯಿ ನಾನೇ ತರ್ತೀನಿ."

ಆ ರಾತ್ರಿ ಗಿರಿಜಾಗೆ ಫೋನ್ ಮಾಡಿದೆ.

"ಬಂದಿದ್ರು ಕಣೇ! ಸೆಕ್ರೆಟರಿನೇ ಬಂದಿದ್ರು. ಕುರ್ಚಿ ಮೇಲೆ ಅರ್ಧ ಗಂಟೆ ಕೂತಿದ್ರು. ಸೋಮವಾರ ಇನ್ನಿಬ್ರು ಬರ್ತಾರಂತೆ."

"ಅಬ್ಬಾ, ಅಂತೂ ಪರಿಚಯ ಆಯ್ತಲ್ಲ! ನೋಡಿ, ನಾನು ಹೇಳಿರ್ಲಿಲ್ವಾ?" ಅವಳ ದನಿಯಲ್ಲಿ ನಿಜವಾದ ಸಂತೋಷವಿತ್ತು. "ಏನು ಮಾತಾಡಿದ್ರಿ?"

"ಹಿಂಗೇ, ಮನೆ ಮಕ್ಕಳ ವಿಷಯ. ಅದಿರ್ಲಿ, ನಿಮ್ಮಮ್ಮಂಗೆ ದೃಷ್ಟಿ ತೆಗೆಯೋದು ಚೆನ್ನಾಗಿ ಬರುತ್ತಲ್ವಾ? ಭಾನುವಾರ ಬಂದಾಗ ನಂಗೊಂದಿಷ್ಟು ಕಲಿಸಿಕೊಡೋಕೆ ಹೇಳು."